ಓ3 ಕೊಟ್ಟಾಗ ಮಾತ್ರ ಕೆಡುವ ಪ್ರೋಗ್ರಾಂ: ದೋಷ ಪತ್ತೆಯ ಕೈಪಿಡಿ

ಸಿ ಅಥವಾ ಸಿ++ ಕಂಪೈಲರ್‌ಗೆ ಕೊಡುವ ಆಯ್ಕೆಗಳಿಗೆ ಫ್ಲಾಗ್ ಎನ್ನುತ್ತಾರೆ. ಅವುಗಳಲ್ಲಿ ಓ0ಯಿಂದ ಓ3ರವರೆಗಿನವು ಕೋಡನ್ನು ಎಷ್ಟು ಚುರುಕುಗೊಳಿಸಬೇಕು, ಅಂದರೆ ಆಪ್ಟಿಮೈಸ್ ಮಾಡಬೇಕು, ಎಂದು ಹೇಳುವ ಮಟ್ಟಗಳು. ಲಕ್ಷಣ ಹೀಗಿರುತ್ತದೆ. ಓ0 ಕೊಟ್ಟು ಬಿಲ್ಡ್ ಮಾಡಿದರೆ ಪ್ರೋಗ್ರಾಂ ನೆಟ್ಟಗೆ ಓಡುತ್ತದೆ. ಓ2 ಅಥವಾ ಓ3 ಕೊಟ್ಟರೆ ಕ್ರ್ಯಾಶ್ ಆಗುತ್ತದೆ, ಇಲ್ಲವೇ ತಪ್ಪು ಉತ್ತರ ಕೊಡುತ್ತದೆ, ಇಲ್ಲವೇ ಯಾವುದೋ ಲೂಪ್‌ನಲ್ಲಿ ಸಿಕ್ಕಿಕೊಂಡು ಕೂರುತ್ತದೆ. ನಡುವೆ ಒಂದು ಪ್ರಿಂಟ್‌ಎಫ್ ಸೇರಿಸಿದರೆ ದೋಷ ಮಾಯ, ತೆಗೆದರೆ ಮತ್ತೆ ಹಾಜರ್. ಇದನ್ನು ಕಂಡವರ ಬಾಯಲ್ಲಿ ಮೊದಲು ಬರುವ ಮಾತು "ಕಂಪೈಲರ್‌ನಲ್ಲೇ ಬಗ್ ಇದೆ".

ಕಂಪೈಲರ್‌ಗಳಲ್ಲಿ ಬಗ್ ಇರುವುದೇ ಇಲ್ಲ ಎಂದಲ್ಲ. ಯೂಟಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಿಸ್ಮಿತ್ ಎಂಬ ಸಾಧನ ಮನಬಂದಂತೆ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ, 2011ರ ಹೊತ್ತಿಗೆ ಹಲವು ಕಂಪೈಲರ್‌ಗಳಲ್ಲಿ 325ಕ್ಕೂ ಹೆಚ್ಚು ಹೊಸ ಬಗ್‌ಗಳನ್ನು ಹಿಡಿದಿತ್ತು. ಆದರೂ ದಿನನಿತ್ಯದ ಕೆಲಸದಲ್ಲಿ ಆ ಅನುಮಾನವನ್ನು ಕೊನೆಗೆ ಇಡಬೇಕು. ಅದಕ್ಕೂ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಕೋಡ್ ಭಾಷೆಯ ನಿಯಮ ಮುರಿದಿದೆಯೇ? ಫ್ಲಾಗ್ ಮೂಲಕ ನಾವೇ ಕಂಪೈಲರ್‌ಗೆ ಸುಳ್ಳು ಭರವಸೆ ಕೊಟ್ಟಿದ್ದೇವೆಯೇ? ಬಿಲ್ಡ್ ಮಾಡಿದ ಯಂತ್ರವೂ ಓಡಿಸುವ ಯಂತ್ರವೂ ಒಂದೇನಾ? ಮೂರಕ್ಕೂ ಮದ್ದು ಬೇರೆ ಬೇರೆ. ಓ3 ತೆಗೆದು ಓ1 ಹಾಕಿದ ಕೂಡಲೇ ದೋಷ ಕಾಣದಾದರೆ ರೋಗ ವಾಸಿಯಾಯಿತು ಎಂದು ಅರ್ಥವಲ್ಲ. ಎಲ್ಲಿ ಹುಡುಕಬೇಕು ಎಂಬುದಕ್ಕೆ ಒಂದು ಸುಳಿವು ಸಿಕ್ಕಿತು, ಅಷ್ಟೇ.

ಬರಹದ ಅನುಕೂಲಕ್ಕೆ ಒಂದು ಮಾತು: ಕೆಳಗೆ ಹೆಸರಿಸುವ ಬಹುಪಾಲು ಫ್ಲಾಗ್‌ಗಳು ಜಿಸಿಸಿ ಮತ್ತು ಕ್ಲ್ಯಾಂಗ್ ಎಂಬ ಎರಡು ಕಂಪೈಲರ್‌ಗಳಲ್ಲಿ ಹೈಫನ್ ಮತ್ತು ಎಫ್ ಅಕ್ಷರದಿಂದ ಶುರುವಾಗುತ್ತವೆ. ಓದು ಸಲೀಸಾಗಲೆಂದು ಆ ಮುಂಭಾಗವನ್ನು ಬಿಟ್ಟಿದ್ದೇನೆ.

ನಿಜಕ್ಕೂ ಯಾವ ಫ್ಲಾಗ್ ಹೋಗಿದೆ?

ನೀವು ಕೊಟ್ಟಿದ್ದೇನೆ ಅಂದುಕೊಂಡ ಫ್ಲಾಗ್‌ಗೂ ಕಂಪೈಲರ್ ಕೈಗೆ ಸಿಕ್ಕ ಫ್ಲಾಗ್‌ಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಒಂದೇ ಸಾಲಿನಲ್ಲಿ ಓ2 ಮತ್ತು ಓ3 ಎರಡೂ ಇದ್ದರೆ ಕೊನೆಯಲ್ಲಿ ಬಂದದ್ದೇ ಗೆಲ್ಲುತ್ತದೆ. ಬಿಲ್ಡ್ ಸ್ಕ್ರಿಪ್ಟ್ ತನ್ನದನ್ನು ಹಿಂದೆ ಅಂಟಿಸಿದ್ದರೆ ನಿಮ್ಮದು ಬಿದ್ದುಹೋಯಿತು. ಬಿಲ್ಡ್ ನಡೆಸುವ ಸಾಧನ ನಿಂಜಾ ಆದರೆ ಹೈಫನ್-ವಿ ಕೊಟ್ಟು, ಸಿಮೇಕ್ ಹುಟ್ಟಿಸಿದ ಮೇಕ್‌ಫೈಲ್ ಆದರೆ ವರ್ಬೋಸ್=1 ಕೊಟ್ಟು ಪೂರ್ತಿ ಆಜ್ಞೆಯನ್ನು ಕಣ್ಣಾರೆ ನೋಡಿ. ಬೈನರಿ ಮಾತ್ರ ಕೈಯಲ್ಲಿದ್ದರೆ, ರೆಕಾರ್ಡ್-ಜಿಸಿಸಿ-ಸ್ವಿಚಸ್ ಫ್ಲಾಗ್ ಕೊಟ್ಟು ಬಿಲ್ಡ್ ಮಾಡಿದ್ದ ಪಕ್ಷದಲ್ಲಿ ಬೈನರಿಯ ಒಳಗನ್ನು ಓದುವ ರೀಡ್‌ಎಲ್ಫ್ ಸಾಧನ ಅದನ್ನು ತೋರಿಸುತ್ತದೆ.

ಸಿಮೇಕ್ ಬಳಸುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಸಿಸಿ ಜೊತೆ ಅದರ ರಿಲೀಸ್ ಬಗೆಯ ಬಿಲ್ಡ್ ಓ3 ಜೊತೆಗೆ ಎನ್‌ಡೀಬಗ್ ಮ್ಯಾಕ್ರೋವನ್ನೂ ಸೇರಿಸುತ್ತದೆ. ಎನ್‌ಡೀಬಗ್ ಬಂದರೆ ಅಸರ್ಟ್‌ಗಳೆಲ್ಲ, ಅಂದರೆ ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸುವ ತಪಾಸಣೆಗಳೆಲ್ಲ, ಪ್ರೀಪ್ರೊಸೆಸರ್ ಹಂತದಲ್ಲೇ ಅಳಿಸಿಹೋಗುತ್ತವೆ. ಯಾರೋ ಅಸರ್ಟ್‌ನ ಆವರಣದೊಳಗೆ ಫೈಲ್ ತೆರೆಯುವ ಕರೆಯನ್ನೇ ಬರೆದಿದ್ದರೆ, ಆ ಕರೆಯೂ ಹೋಯಿತು. ಇದಕ್ಕೂ ಆಪ್ಟಿಮೈಸೇಶನ್‌ಗೂ ಸಂಬಂಧವಿಲ್ಲ, ಆದರೆ ಹೊರಗಿನಿಂದ ನೋಡಿದರೆ "ಓ3ರಲ್ಲಿ ಮಾತ್ರ ಕೆಡುತ್ತದೆ" ಎಂದೇ ಕಾಣುತ್ತದೆ. ಆದ್ದರಿಂದ ಮೊದಲ ಪರೀಕ್ಷೆ: ಓ3 ಇರಲಿ, ಎನ್‌ಡೀಬಗ್ ಮಾತ್ರ ತೆಗೆಯಿರಿ. ಅಸರ್ಟ್ ಒಂದು ಸಿಡಿದು ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ದೋಷ ತಾನಾಗಿಯೇ ಬಾಯಿಬಿಟ್ಟರೂ ಬಿಡಬಹುದು.

"ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಸತ್ತರೆ

ಇದು ಸುಲಭದ್ದು. ಮಾರ್ಚ್=ನೇಟಿವ್ ಎಂದರೆ "ಈಗ ಬಿಲ್ಡ್ ಮಾಡುತ್ತಿರುವ ಪ್ರೊಸೆಸರ್‌ನಲ್ಲಿ ಏನೇನಿದೆಯೋ ಅದೆಲ್ಲ ಬಳಸು" ಎಂದು. ಹೊಸ ಸರ್ವರ್‌ನಲ್ಲಿ ಬಿಲ್ಡ್ ಆದ ಬೈನರಿಯನ್ನು ಹಳೆಯ ಯಂತ್ರಕ್ಕೆ, ಅಥವಾ ಎವಿಎಕ್ಸ್-512 (ಒಂದೇ ಸಲ ಹಲವು ಸಂಖ್ಯೆಗಳ ಮೇಲೆ ಕೆಲಸ ಮಾಡುವ ಆದೇಶಗಳ ಗುಂಪು) ಮುಚ್ಚಿಟ್ಟ ವರ್ಚುವಲ್ ಮೆಷಿನ್‌ಗೆ ಒಯ್ದರೆ ಅಲ್ಲಿ ಆ ಆದೇಶದ ಗುರುತೇ ಇರುವುದಿಲ್ಲ. ಜಿಡಿಬಿ ಎಂಬ ಡೀಬಗರ್‌ನಲ್ಲಿ ಪ್ರೋಗ್ರಾಂ ನಿಂತ ಜಾಗದ ಆದೇಶವನ್ನು ತೋರಿಸಲು ಹೇಳಿ. ಅದರಲ್ಲಿ ಎವಿಎಕ್ಸ್ ಬಳಸುವ ಝಡ್‌ಎಂಎಂ ಅಥವಾ ವೈಎಂಎಂ ರಿಜಿಸ್ಟರ್ ಕಂಡರೆ ಪ್ರೋಕ್-ಸಿಪಿಯುಇನ್ಫೋ ಕಡತದ ಫ್ಲಾಗ್ ಸಾಲಿನಲ್ಲಿ ಆ ಸೌಲಭ್ಯ ಇದೆಯೇ ಎಂದು ಹೋಲಿಸಿ ನೋಡಿ. ಹಂಚುವ ಬೈನರಿಗೆ ನೇಟಿವ್ ಬೇಡವೇ ಬೇಡ. ಜಿಸಿಸಿ 11 ಮತ್ತು ಕ್ಲ್ಯಾಂಗ್ 12ರಿಂದ ಎಕ್ಸ್86-64-ವಿ2, ವಿ3 ಎಂಬ ಹೆಸರಿಟ್ಟ ಪ್ರೊಸೆಸರ್ ಮಟ್ಟಗಳಿವೆ, ಅವುಗಳಲ್ಲಿ ಒಂದನ್ನು ಆರಿಸಿ ಬರೆದಿಡಿ.

ಇದರಲ್ಲೇ ಒಂದು ಕುತಂತ್ರಿ ಬಗೆ ಇದೆ. ಇಡೀ ಪ್ರಾಜೆಕ್ಟ್ ಸಾಮಾನ್ಯ ಫ್ಲಾಗ್‌ನಲ್ಲೇ ಬಿಲ್ಡ್ ಆಗಿದೆ, ಒಂದು ಫೈಲ್‌ಗೆ ಮಾತ್ರ ಎವಿಎಕ್ಸ್2 ಕೊಟ್ಟಿದ್ದಾರೆ, ಅದನ್ನು ಕರೆಯುವ ಮುಂಚೆ ಪ್ರೊಸೆಸರ್ ತಪಾಸಣೆಯೂ ಇದೆ. ಆದರೂ ಹಳೆಯ ಯಂತ್ರದಲ್ಲಿ, ಸಂಬಂಧವೇ ಇಲ್ಲದ ಜಾಗದಲ್ಲಿ ಪ್ರೋಗ್ರಾಂ ಸಾಯುತ್ತದೆ. ಕಾರಣ ಹೆಡರ್‌ನಲ್ಲಿರುವ ಇನ್‌ಲೈನ್ ಫಂಕ್ಷನ್ ಅಥವಾ ಟೆಂಪ್ಲೇಟ್. ಅದರ ಪ್ರತಿ ಅದನ್ನು ಬಳಸುವ ಎಲ್ಲ ಆಬ್ಜೆಕ್ಟ್ ಫೈಲ್‌ಗಳಲ್ಲೂ ಹುಟ್ಟುತ್ತದೆ. ಲಿಂಕರ್ ಒಂದನ್ನು ಉಳಿಸಿ ಮಿಕ್ಕದ್ದನ್ನು ಎಸೆಯುತ್ತದೆ. ಉಳಿದದ್ದು ಎವಿಎಕ್ಸ್2 ಫೈಲ್‌ನ ಪ್ರತಿಯಾಗಿದ್ದರೆ ಎಲ್ಲರೂ ಅದನ್ನೇ ಕರೆಯುತ್ತಾರೆ. ಲಿಂಕ್ ಮಾಡುವ ಕ್ರಮ ಬದಲಾದರೆ ದೋಷ ಬಂದು ಹೋಗುತ್ತಿದ್ದರೆ ಇದನ್ನೇ ಶಂಕಿಸಿ. ಅಂಥ ಫೈಲ್‌ಗೆ ಹಂಚಿಕೆಯ ಹೆಡರ್‌ಗಳನ್ನು ಆದಷ್ಟು ಸೇರಿಸದಿರುವುದೇ ಪರಿಹಾರ.

ಲೆಕ್ಕ ತಪ್ಪು ಬರುತ್ತಿದ್ದರೆ

ದಶಮಾಂಶ ಲೆಕ್ಕದ ಫಲಿತಾಂಶ ಬದಲಾಗುತ್ತಿದೆ ಎಂದರೆ ನೇರವಾಗಿ ಹುಡುಕಬೇಕಾದ್ದು ಫಾಸ್ಟ್-ಮ್ಯಾಥ್. ಓಫಾಸ್ಟ್ ಕೊಟ್ಟಿದ್ದರೆ ಅದು ಹೇಳದೆ ಕೇಳದೆ ಒಳಗೆ ಬಂದಿರುತ್ತದೆ. ಓ3ಕ್ಕಿಂತ ಒಂದು ಮೆಟ್ಟಿಲು ಮೇಲೆ ಎಂದುಕೊಂಡು ಓಫಾಸ್ಟ್ ಹಾಕುವವರಿದ್ದಾರೆ, ಆದರೆ ಅದು ಬೇರೆಯೇ ಜಾತಿ. ಓ3 ಭಾಷೆಯ ನಿಯಮದ ಒಳಗೇ ಇರುತ್ತದೆ. ಓಫಾಸ್ಟ್ ನಿಯಮವನ್ನೇ ಸಡಿಲಿಸುತ್ತದೆ. ಈ ಗೊಂದಲ ಎಷ್ಟು ಹಬ್ಬಿತ್ತೆಂದರೆ ಕ್ಲ್ಯಾಂಗ್ 19ರಲ್ಲಿ ಓಫಾಸ್ಟ್ ಬಳಸಬೇಡಿ ಎಂಬ ಎಚ್ಚರಿಕೆಯನ್ನೇ ಸೇರಿಸಿದರು. ನನ್ನನ್ನು ಕೇಳಿದರೆ ಆ ಫ್ಲಾಗ್ ಹುಟ್ಟಬೇಕಾಗಿಯೇ ಇರಲಿಲ್ಲ.

ಫಾಸ್ಟ್-ಮ್ಯಾಥ್ ಒಂದೇ ಫ್ಲಾಗ್ ಅಲ್ಲ, ಒಂದು ಗಂಟು. ಅದರೊಳಗಿನ ಫೈನೈಟ್-ಮ್ಯಾಥ್-ಓನ್ಲಿ "ಈ ಪ್ರೋಗ್ರಾಂನಲ್ಲಿ ನ್ಯಾನ್ (ಸಂಖ್ಯೆಯೇ ಅಲ್ಲದ ಫಲಿತಾಂಶ) ಆಗಲಿ ಅನಂತವಾಗಲಿ ಬರುವುದೇ ಇಲ್ಲ" ಎಂದು ಮಾತು ಕೊಡುತ್ತದೆ. ಮಾತು ಕೊಟ್ಟ ಮೇಲೆ ಕಂಪೈಲರ್ ಈಸ್‌ನ್ಯಾನ್ ಕರೆಯನ್ನು ಸುಮ್ಮನೆ "ಸುಳ್ಳು" ಎಂಬ ಸ್ಥಿರಾಂಕವಾಗಿ ಬದಲಿಸಬಹುದು. ಕೆಟ್ಟ ಇನ್‌ಪುಟ್ ಹಿಡಿಯಲೆಂದು ಹಾಕಿದ್ದ ತಪಾಸಣೆ ಇರುವುದೇ ಇಲ್ಲ, ನ್ಯಾನ್ ಮುಂದಿನ ಲೆಕ್ಕಗಳಿಗೆಲ್ಲ ಹರಡುತ್ತದೆ. ಅಸೋಸಿಯೇಟಿವ್-ಮ್ಯಾಥ್ ಕೂಡಿಸುವ ಕ್ರಮವನ್ನು ಬದಲಿಸಲು ಅನುಮತಿ ಕೊಡುತ್ತದೆ. ಕೂಡುವಾಗ ಕಳೆದುಹೋಗುವ ಚೂರುಗಳನ್ನು ಲೆಕ್ಕವಿಟ್ಟು ಮತ್ತೆ ಸೇರಿಸುವ ಕಹಾನ್ ಸಂಕಲನದಲ್ಲಿ ದೋಷ ಸರಿದೂಗಿಸುವ ಪದ ಬೀಜಗಣಿತದ ಪ್ರಕಾರ ಸೊನ್ನೆಯೇ ಆದ್ದರಿಂದ ಅದನ್ನು ಕಂಪೈಲರ್ ಅಳಿಸಿಹಾಕುತ್ತದೆ. ನಿಖರತೆಗೆಂದು ಬರೆದ ಕೋಡ್ ಸಾದಾ ಕೂಡಿಕೆಯಾಗಿ ಉಳಿಯುತ್ತದೆ.

ಇನ್ನೂ ವಿಚಿತ್ರವಾದದ್ದು, ನಿಮ್ಮ ಕೋಡ್‌ನಲ್ಲಿ ಈ ಫ್ಲಾಗ್ ಎಲ್ಲೂ ಇಲ್ಲದಿದ್ದರೂ ಅದರ ಪರಿಣಾಮ ಆಗಬಹುದು. ಜಿಸಿಸಿ 13ಕ್ಕೂ ಹಿಂದಿನ ಆವೃತ್ತಿಗಳಲ್ಲಿ ಫಾಸ್ಟ್-ಮ್ಯಾಥ್ ಕೊಟ್ಟು ಶೇರ್ಡ್ ಲೈಬ್ರರಿ ಲಿಂಕ್ ಮಾಡಿದರೆ, ಎಕ್ಸ್86ನಲ್ಲಿ ಒಂದು ಪುಟ್ಟ ಆರಂಭಿಕ ಕೋಡ್ ಕೂಡ ಅದಕ್ಕೆ ಸೇರಿಕೊಳ್ಳುತ್ತಿತ್ತು. ಲೈಬ್ರರಿ ಲೋಡ್ ಆದೊಡನೆ ಅದು ಪ್ರೊಸೆಸರ್‌ನ ನಿಯಂತ್ರಣ ರಿಜಿಸ್ಟರ್ (ಎಂಎಕ್ಸ್‌ಸಿಎಸ್‌ಆರ್) ತಿರುಚಿ, ತೀರಾ ಚಿಕ್ಕ ಸಂಖ್ಯೆಗಳನ್ನು, ಅಂದರೆ ಡಬಲ್‌ನಲ್ಲಿ ಸುಮಾರು 2.2 × ಹತ್ತರ ಘಾತ ಮೈನಸ್ 308ಕ್ಕಿಂತ ಕೆಳಗಿನವನ್ನು, ಸೊನ್ನೆ ಎಂದೇ ಪರಿಗಣಿಸುವಂತೆ ಮಾಡುತ್ತಿತ್ತು. ಈ ಬದಲಾವಣೆ ಆ ಲೈಬ್ರರಿಯ ಗಡಿಯೊಳಗೆ ನಿಲ್ಲುವಂಥದ್ದಲ್ಲ. ಎರಡು ಸಂಖ್ಯೆ ಸಮವಲ್ಲ ಎಂದು ಪರೀಕ್ಷಿಸಿ, ಅವುಗಳ ವ್ಯತ್ಯಾಸದಿಂದ ಭಾಗಿಸಿದರೂ ಸೊನ್ನೆಯಿಂದ ಭಾಗಿಸಿದಂತಾಗುವ ಪರಿಸ್ಥಿತಿ ಬರುತ್ತದೆ. ಪ್ಲಗಿನ್ ಒಂದನ್ನು ಲೋಡ್ ಮಾಡಿದ ಮೇಲಷ್ಟೇ ಲೆಕ್ಕ ಕೆಡುತ್ತಿದ್ದರೆ, ಲೋಡ್‌ಗೆ ಮುಂಚೆ ಮತ್ತು ನಂತರ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರ್‌ನ ಬೆಲೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಕಳ್ಳ ಸಿಕ್ಕಿದ.

ಫಾಸ್ಟ್-ಮ್ಯಾಥ್ ಎಲ್ಲೂ ಇಲ್ಲ, ಆದರೂ ಕೊನೆಯ ಅಂಕಿಗಳು ಬೇರೆಯಾಗಿವೆ ಅನ್ನುತ್ತೀರಾ? ಎಫ್‌ಎಂಎ ಆದೇಶ ಗುಣಾಕಾರ ಮತ್ತು ಸಂಕಲನ ಎರಡನ್ನೂ ಮಾಡಿ, ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡುತ್ತದೆ. ಜಿಸಿಸಿ ಸಾಮಾನ್ಯ ಸ್ಥಿತಿಯಲ್ಲಿ ಅದನ್ನು ಬಳಸಲು ಹಿಂಜರಿಯುವುದಿಲ್ಲ, ಪ್ರೊಸೆಸರ್‌ನಲ್ಲಿ ಅದು ಇದೆ ಎಂದು ಗೊತ್ತಾದರೆ ಸಾಕು; ಮಾರ್ಚ್=ನೇಟಿವ್ ಆ ಸುದ್ದಿ ಮುಟ್ಟಿಸುತ್ತದೆ. ಎರಡು ಸಮಾನ ವರ್ಗಗಳ ವ್ಯತ್ಯಾಸ ಸೊನ್ನೆಯಾಗುವ ಬದಲು ಒಂದು ಚೂರು ಋಣಾತ್ಮಕವಾಗಿ, ಅದರ ವರ್ಗಮೂಲ ನ್ಯಾನ್ ಆಗುವುದು ಹೀಗೆ. ಎಫ್‌ಪಿ-ಕಾಂಟ್ರಾಕ್ಟ್=ಆಫ್ ಕೊಟ್ಟು ಪರೀಕ್ಷಿಸಿ. ಇಲ್ಲಿ ಕಂಪೈಲರ್‌ನದು ತಪ್ಪಲ್ಲ, ಹೆಚ್ಚು ನಿಖರವಾದದ್ದೂ ಅದೇ ಇರಬಹುದು. ಪರೀಕ್ಷೆಗಳಲ್ಲಿ ಬಿಟ್‌ಗೆ ಬಿಟ್ ಹೋಲಿಸುವ ಅಭ್ಯಾಸ ಬಿಡುವುದೇ ಮೇಲು.

ಕೋಡ್ ನಿಯಮ ಮುರಿದಿದ್ದರೆ

ಬಹುಪಾಲು ದೂರುಗಳು ಬಂದು ಸೇರುವ ಜಾಗ ಇದೇ. ಸಿ ಮತ್ತು ಸಿ++ ಭಾಷೆಗಳಲ್ಲಿ ಕೆಲವು ಕೃತ್ಯಗಳಿಗೆ ಯಾವ ಅರ್ಥವೂ ಇಲ್ಲ. ಅವನ್ನು ಅನ್‌ಡಿಫೈನ್ಡ್ ಬಿಹೇವಿಯರ್ ಎನ್ನುತ್ತಾರೆ. ಆಪ್ಟಿಮೈಜರ್ "ಅಂಥದ್ದು ಈ ಪ್ರೋಗ್ರಾಂನಲ್ಲಿ ನಡೆಯುವುದೇ ಇಲ್ಲ" ಎಂದು ನಂಬಿ ಮುಂದಿನ ತರ್ಕ ಕಟ್ಟುತ್ತದೆ. ಓ0ಯಲ್ಲಿ ಆ ತರ್ಕ ಬಹುಮಟ್ಟಿಗೆ ನಡೆಯುವುದಿಲ್ಲ, ಹಾಗಾಗಿ ತಪ್ಪು ಮಲಗಿರುತ್ತದೆ.

ಚಿಹ್ನೆಯುಳ್ಳ ಪೂರ್ಣಾಂಕದ ಉಕ್ಕುವಿಕೆ ತೆಗೆದುಕೊಳ್ಳಿ. 2147483647ರ ಮಿತಿ ದಾಟಿತೇ ಎಂದು ತಿಳಿಯಲು "ಎ + 100 ಎನ್ನುವುದು ಎಗಿಂತ ಚಿಕ್ಕದೇ" ಎಂದು ಪರೀಕ್ಷಿಸುವವರಿದ್ದಾರೆ. ಉಕ್ಕುವುದಿಲ್ಲ ಎಂದು ನಂಬಿದ ಕಂಪೈಲರ್‌ಗೆ ಆ ಷರತ್ತು ಎಂದಿಗೂ ಸುಳ್ಳು. ಇಡೀ ಕಾವಲನ್ನೇ ಕಿತ್ತು ಹಾಕುತ್ತದೆ. ಬೇಕಾದ್ದು ಕೂಡುವ ಮುಂಚಿನ ಪರೀಕ್ಷೆ, ಅಥವಾ ಉಕ್ಕಿತೇ ಎಂದು ತಾನೇ ಹೇಳುವ ಬಿಲ್ಟಿನ್ ಫಂಕ್ಷನ್.

ನಲ್ ಪಾಯಿಂಟರ್ (ಎಲ್ಲಿಗೂ ತೋರಿಸದ ವಿಳಾಸ) ವಿಷಯದಲ್ಲಿ 2009ರ ಲಿನಕ್ಸ್ ಕರ್ನಲ್ ಪ್ರಕರಣ ಪ್ರಸಿದ್ಧ. ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಪಾಯಿಂಟರ್‌ನ ಒಳಗಿನ ಒಂದು ಸದಸ್ಯವನ್ನು ಓದಿ, ಆಮೇಲೆ ಅದೇ ಪಾಯಿಂಟರ್ ನಲ್ ಆಗಿದೆಯೇ ಎಂದು ನೋಡುತ್ತಿದ್ದರು. ಓದಿಯಾಯಿತು ಎಂದರೆ ಅದು ನಲ್ ಆಗಿರಲಾರದು ಎಂದು ತೀರ್ಮಾನಿಸಿ ಜಿಸಿಸಿ ತಪಾಸಣೆಯನ್ನು ತೆಗೆದುಹಾಕಿತು, ಅದು ಭದ್ರತಾ ರಂಧ್ರವಾಯಿತು. ಆಮೇಲೆ ಕರ್ನಲ್ ಅಂಥ ಅಳಿಸುವಿಕೆಯನ್ನು ತಡೆಯುವ ಫ್ಲಾಗ್ ಹಾಕಿಕೊಂಡಿತು. ಜಿಸಿಸಿ 6 ಇದೇ ತರ್ಕವನ್ನು ಸಿ++ನ ದಿಸ್ ಪಾಯಿಂಟರ್‌ಗೂ ಹಬ್ಬಿಸಿದಾಗ ಕ್ಯೂಟಿ 5, ಕ್ರೋಮಿಯಂನಂಥ ದೊಡ್ಡ ಕೋಡ್‌ಗಳೂ ಕೆಟ್ಟವು. ಬಿಡುಗಡೆಯ ಟಿಪ್ಪಣಿಯಲ್ಲೇ ಅವುಗಳ ಹೆಸರಿತ್ತು. ಫ್ಲಾಗ್ ಮುಟ್ಟದೆ ಕಂಪೈಲರ್ ಮಾತ್ರ ಹೊಸದಾದಾಗಲೂ ಹಳೆಯ ತಪ್ಪು ಏಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನೊಂದು, ಜಿಸಿಸಿ 4.8ರದ್ದು. ಸ್ಪೆಕ್ ಸಿಪಿಯು2006 ಎಂಬ ಮಾಪನ ಸಂಚಿಕೆಯ ಎಚ್264 ವಿಡಿಯೋ ಕೋಡ್‌ನಲ್ಲಿ 16 ಅಂಶಗಳ ಅರೇ ಮೇಲೆ ಓಡುವ ಲೂಪ್ ಇತ್ತು. ಕೊನೆಯ ಸುತ್ತಿನಲ್ಲಿ ಷರತ್ತು ಪರೀಕ್ಷಿಸುವ ಮುಂಚೆಯೇ ಅದು ಇಲ್ಲದ 17ನೇ ಅಂಶವನ್ನು ಓದುತ್ತಿತ್ತು. ಓದಿದ ಬೆಲೆಯನ್ನು ಬಳಸುತ್ತಿರಲಿಲ್ಲ, ಆದ್ದರಿಂದ ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಿರಲಿಲ್ಲ. ಹೊಸ ಕಂಪೈಲರ್ ಮಾತ್ರ "ಅರೇ ಒಳಗೇ ಓದುತ್ತಿದ್ದಾರೆ ಎಂದರೆ ಎಣಿಕೆ 16 ಮುಟ್ಟುವುದೇ ಇಲ್ಲ" ಎಂದು ತರ್ಕಿಸಿ ನಿಲ್ಲುವ ಷರತ್ತನ್ನು ತೆಗೆಯಿತು. ಲೂಪ್ ಕೊನೆಯಿಲ್ಲದ್ದಾಯಿತು. ನಿಮ್ಮ ಪ್ರೋಗ್ರಾಂ ಸಿಕ್ಕಿಕೊಂಡು ಕೂತಿದ್ದರೆ ಆ ಲೂಪ್‌ನೊಳಗಿನ ಅರೇ ಗಡಿಗಳನ್ನು ಕೈಯಲ್ಲಿ ಎಣಿಸಿ. ಅರೇ ಸರಿಯಿದ್ದು, ಬೇರೆ ಥ್ರೆಡ್ ಬದಲಿಸುವ ಸಾದಾ ವೇರಿಯಬಲ್‌ಗಾಗಿ ಲೂಪ್ ಕಾಯುತ್ತಿದ್ದರೆ, ಕಂಪೈಲರ್ ಅದನ್ನು ಒಮ್ಮೆ ಓದಿ ರಿಜಿಸ್ಟರ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಅಟಾಮಿಕ್ (ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳುವ ಬಗೆಯ ವೇರಿಯಬಲ್) ಬೇಕು. ವೊಲಟೈಲ್ ಹಚ್ಚಿ ಕೈತೊಳೆದುಕೊಳ್ಳಬೇಡಿ.

ಬೇರೆ ಬೇರೆ ಬಗೆಯ ಪಾಯಿಂಟರ್‌ಗಳು ಒಂದೇ ಮೆಮೊರಿಯನ್ನು ತೋರಿಸುವುದಿಲ್ಲ ಎಂಬ ಸ್ಟ್ರಿಕ್ಟ್ ಏಲಿಯಾಸಿಂಗ್ ನಿಯಮ ಜಿಸಿಸಿಯಲ್ಲಿ ಓ2ರಿಂದಲೇ ಜಾರಿಯಲ್ಲಿರುತ್ತದೆ. ಫ್ಲೋಟ್ ಒಂದರ ವಿಳಾಸವನ್ನು ಇಂಟ್ ಪಾಯಿಂಟರ್ ಎಂದು ಕಾಸ್ಟ್ ಮಾಡಿ ಬರೆದರೆ, ಆ ಬರಹ ಫ್ಲೋಟ್ ಅನ್ನು ಮುಟ್ಟಿರಲಾರದು ಎಂದು ನಂಬಿ ಕಂಪೈಲರ್ ಹಳೆಯ ಬೆಲೆಯನ್ನೇ ಕೊಡಬಹುದು. ಮೆಮ್‌ಕಾಪಿ ಬಳಸಿ, ಆಪ್ಟಿಮೈಸ್ ಆದಾಗ ಅದು ಒಂದೇ ಆದೇಶಕ್ಕೆ ಇಳಿಯುವುದರಿಂದ ವೇಗದ ಚಿಂತೆ ಬೇಡ.

ಎಕ್ಸ್86 ಪ್ರೋಗ್ರಾಮರ್‌ಗಳು ನಂಬಲು ಒಪ್ಪದ ಒಂದು ಬಗೆಯೆಂದರೆ ಅಲೈನ್‌ಮೆಂಟ್, ಅಂದರೆ ವಿಳಾಸ 4, 16ರಂಥ ಸಂಖ್ಯೆಯ ಗಡಿಯಲ್ಲೇ ಇರಬೇಕೆಂಬ ನಿಯಮ. "ಈ ಪ್ರೊಸೆಸರ್‌ನಲ್ಲಿ ಯಾವ ವಿಳಾಸದಿಂದ ಬೇಕಾದರೂ ಓದಬಹುದು" ಎನ್ನುತ್ತಾರೆ. ಬಿಡಿ ಓದಿನ ಮಟ್ಟಿಗೆ ನಿಜ. ಆದರೆ 14 ಬೈಟ್‌ಗಳ ಈಥರ್ನೆಟ್ ಹೆಡರ್ ದಾಟಿ, ಅಲ್ಲಿಂದ 32 ಬಿಟ್ ಪೂರ್ಣಾಂಕಗಳೆಂದು ಕಾಸ್ಟ್ ಮಾಡಿ ಕೂಡುವ ಲೂಪ್ ಇದ್ದರೆ, ಅದನ್ನು ವೆಕ್ಟರ್ ಆದೇಶಗಳಿಗೆ ಇಳಿಸುವಾಗ ಕಂಪೈಲರ್ ಹೀಗೆ ಯೋಚಿಸಬಹುದು: ಇವು 4ರ ಗಡಿಯಲ್ಲೇ ಇರುತ್ತವೆ, ಮೊದಲ ಕೆಲವನ್ನು ಬಿಡಿಯಾಗಿ ಮುಗಿಸಿದರೆ 16ರ ಗಡಿ ಸಿಗುತ್ತದೆ, ಅಲ್ಲಿಂದ ಅಲೈನ್ಡ್ ಲೋಡ್ ಬಳಸೋಣ. ವಿಳಾಸ 4ರ ಗಡಿಯಲ್ಲಿ ಇಲ್ಲದಿದ್ದರೆ ಎಷ್ಟು ಬಿಡಿ ಓದಿದರೂ 16ರ ಗಡಿ ಸಿಗುವುದಿಲ್ಲ, ಅಲೈನ್ಡ್ ಲೋಡ್ ಸೆಗ್‌ಫಾಲ್ಟ್ ಕೊಡುತ್ತದೆ. ಪಾಯಿಂಟರ್ ಸರಿಯಾದ ಮೆಮೊರಿಯಲ್ಲೇ ಇದೆ, ಆದರೂ ಸೆಗ್‌ಫಾಲ್ಟ್ ಎಂದಾದರೆ ಇದೇ ಗುಟ್ಟು. ಹಿಂದೆ ಇದು ಓ3ರ ಸಮಸ್ಯೆಯಾಗಿತ್ತು. ಜಿಸಿಸಿ 12ರಿಂದ ಓ2ರಲ್ಲೂ ಸೀಮಿತವಾಗಿ ವೆಕ್ಟರೀಕರಣ ನಡೆಯುತ್ತದೆ.

ಬೆಲೆ ಹಿಂದಿರುಗಿಸಬೇಕಾದ ಸಿ++ ಫಂಕ್ಷನ್‌ನಲ್ಲಿ ರಿಟರ್ನ್ ಮರೆತರೆ, ಜಿಸಿಸಿ 8ರಿಂದ ಈಚೆಗೆ ಓಟ ಪಕ್ಕದ ಕೋಡ್‌ಗೇ ನುಗ್ಗಬಹುದು. ಎಚ್ಚರಿಕೆ ಬಂದಿರುತ್ತದೆ, ಯಾರೂ ಓದಿರುವುದಿಲ್ಲ.

ಲಕ್ಷಣವೇ ತೋರದ ಒಂದು ದೋಷವೂ ಇದೆ. ಪಾಸ್‌ವರ್ಡ್ ಬಳಸಿದ ಮೇಲೆ ಬಫರ್ ಅಳಿಸಲು ಮೆಮ್‌ಸೆಟ್ ಕರೆದಿರುತ್ತೀರಿ. ಆಮೇಲೆ ಅದನ್ನು ಯಾರೂ ಓದದ ಕಾರಣ ಆಪ್ಟಿಮೈಜರ್ ಆ ಕರೆಯನ್ನು ಕೈಬಿಡುತ್ತದೆ, ಗುಟ್ಟು ಮೆಮೊರಿಯಲ್ಲೇ ಉಳಿಯುತ್ತದೆ. ಯಾವ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ. ಜಿಲಿಬ್‌ಸಿ (ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ) 2.25ರಿಂದ ಇರುವ ಎಕ್ಸ್‌ಪ್ಲಿಸಿಟ್-ಬಿಝೀರೋ ಇದಕ್ಕೆಂದೇ ಇದೆ.

ಹಿಡಿಯುವ ಬಗೆ

ಮೊದಲು ಎಲ್ಲ ಎಚ್ಚರಿಕೆಗಳನ್ನೂ ಚಾಲೂ ಮಾಡಿ, ಓ2ರಲ್ಲೇ ಬಿಲ್ಡ್ ಮಾಡಿ ಓದಿ. ಹಲವು ಎಚ್ಚರಿಕೆಗಳು ಆಪ್ಟಿಮೈಜರ್ ಓಡಿದಾಗ ಮಾತ್ರ ಹುಟ್ಟುತ್ತವೆ. ನಂತರ ಸ್ಯಾನಿಟೈಜರ್‌ಗಳು, ಅಂದರೆ ಓಡುವಾಗಲೇ ತಪ್ಪು ಹಿಡಿಯುವ ತಪಾಸಣೆಗಳನ್ನು ಕೋಡ್‌ಗೆ ಸೇರಿಸುವ ಫ್ಲಾಗ್‌ಗಳು: ಸ್ಯಾನಿಟೈಸ್=ಅನ್‌ಡಿಫೈನ್ಡ್ ಮತ್ತು ಸ್ಯಾನಿಟೈಸ್=ಅಡ್ರೆಸ್ ಎರಡನ್ನೂ ಒಟ್ಟಿಗೆ ಕೊಡಬಹುದು. ಥ್ರೆಡ್ ಸ್ಯಾನಿಟೈಜರ್‌ಗೆ ಬೇರೆ ಬಿಲ್ಡ್ ಬೇಕು. ಬೆಲೆ ಕೊಡದ ವೇರಿಯಬಲ್ ಓದಿದ್ದನ್ನು ಹಿಡಿಯಲು ಕ್ಲ್ಯಾಂಗ್‌ನ ಮೆಮೊರಿ ಸ್ಯಾನಿಟೈಜರ್ ಅಥವಾ ವ್ಯಾಲ್‌ಗ್ರೈಂಡ್. ಒಂದು ಎಚ್ಚರ: ಏಲಿಯಾಸಿಂಗ್ ತಪ್ಪುಗಳನ್ನು ಅನ್‌ಡಿಫೈನ್ಡ್ ಸ್ಯಾನಿಟೈಜರ್ ಹಿಡಿಯುವುದಿಲ್ಲ, ಆದ್ದರಿಂದ ಅದು ಮೌನವಾಗಿದ್ದ ಮಾತ್ರಕ್ಕೆ ಕೋಡ್ ಶುದ್ಧವಲ್ಲ.

ಅದಕ್ಕೇ ಫ್ಲಾಗ್ ಪರೀಕ್ಷೆಯೂ ಬೇಕು. ಓ3 ಹಾಗೇ ಇರಲಿ, ಒಂದೊಂದಾಗಿ ನೋ-ಸ್ಟ್ರಿಕ್ಟ್-ಏಲಿಯಾಸಿಂಗ್, ರ‍್ಯಾಪ್‌ವಿ (ಉಕ್ಕಿದ ಪೂರ್ಣಾಂಕ ಸುತ್ತಿ ಬರುತ್ತದೆ ಎಂದು ನಿಗದಿಪಡಿಸುವುದು), ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್, ನೋ-ಟ್ರೀ-ವೆಕ್ಟರೈಸ್ ಸೇರಿಸಿ ನೋಡಿ. ಯಾವುದು ದೋಷವನ್ನು ಅಡಗಿಸುತ್ತದೋ ಅದು ತಪ್ಪಿನ ಜಾತಿಯನ್ನು ಹೇಳುತ್ತದೆ. ಓ2ಕ್ಕೂ ಓ3ಕ್ಕೂ ಏನು ವ್ಯತ್ಯಾಸ ಎಂದು ಜಿಸಿಸಿಯನ್ನೇ ಕೇಳಬಹುದು: ಹೈಫನ್-ಕ್ಯೂ ಜೊತೆ ಹೆಲ್ಪ್=ಆಪ್ಟಿಮೈಜರ್ಸ್ ಕೊಟ್ಟು ಎರಡೂ ಮಟ್ಟದ ಪಟ್ಟಿ ತೆಗೆದು ಡಿಫ್ ಮಾಡಿ. ಆದರೆ ಓ0ಗೆ ಆ ಪಟ್ಟಿಯನ್ನೆಲ್ಲ ಸೇರಿಸಿದರೆ ಓ2 ಆಗುತ್ತದೆ ಅಂದುಕೊಳ್ಳಬೇಡಿ. ಓ0ಯಲ್ಲಿ ಬಹಳಷ್ಟು ಆಪ್ಟಿಮೈಸೇಶನ್‌ಗಳು ಬಿಡಿಯಾಗಿ ಕೇಳಿದರೂ ಓಡುವುದಿಲ್ಲ.

ಯಾವ ಫೈಲ್ ಎಂದು ಗೊತ್ತಿಲ್ಲದಿದ್ದರೆ ಎರಡು ಪೂರ್ತಿ ಬಿಲ್ಡ್ ಮಾಡಿಕೊಳ್ಳಿ, ಒಂದು ಓ0, ಇನ್ನೊಂದು ಓ3. ಅರ್ಧ ಆಬ್ಜೆಕ್ಟ್ ಫೈಲ್‌ಗಳನ್ನು ಇದರಿಂದ, ಅರ್ಧ ಅದರಿಂದ ತೆಗೆದು ಲಿಂಕ್ ಮಾಡಿ. ದೋಷ ಯಾವ ಅರ್ಧದ ಹಿಂದೆ ಹೋಗುತ್ತದೋ ಅದನ್ನು ಮತ್ತೆ ಅರ್ಧ ಮಾಡಿ. ಸಾವಿರ ಫೈಲ್ ಇದ್ದರೂ ಹತ್ತು ಸುತ್ತಿನಲ್ಲಿ ಒಂದಕ್ಕೆ ಬರುತ್ತೀರಿ. ಎಲ್‌ಟಿಓ (ಲಿಂಕ್ ಹಂತದಲ್ಲಿ ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ಆಪ್ಟಿಮೈಸ್ ಮಾಡುವುದು) ಇದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಫೈಲ್‌ಗಳ ಗಡಿಯೇ ಉಳಿದಿರುವುದಿಲ್ಲ. ಎಲ್‌ಟಿಓ ನಿಲ್ಲಿಸಿದ್ದಕ್ಕೇ ದೋಷ ಹೋದರೆ, ಒಂದೇ ಹೆಸರಿನ ಸ್ಟ್ರಕ್ಟ್ ಎರಡು ಫೈಲ್‌ಗಳಲ್ಲಿ ಬೇರೆ ಬೇರೆಯಾಗಿ ಬರೆದಿದೆಯೇ ಎಂದು ಓಡಿಆರ್ (ಒಂದು ಹೆಸರಿಗೆ ಒಂದೇ ವ್ಯಾಖ್ಯೆ ಎಂಬ ನಿಯಮ) ಎಚ್ಚರಿಕೆಗಳನ್ನು ನೋಡಿ. ಫೈಲ್ ಸಿಕ್ಕ ಮೇಲೆ ಫಂಕ್ಷನ್‌ಗೆ ಇಳಿಯಲು ಜಿಸಿಸಿಯಲ್ಲಿ ಆಪ್ಟಿಮೈಸ್ ಆಟ್ರಿಬ್ಯೂಟ್, ಕ್ಲ್ಯಾಂಗ್‌ನಲ್ಲಿ ಆಪ್ಟ್‌ನನ್ ಇದೆ. ಜಿಸಿಸಿಯದು ಡೀಬಗ್‌ಗೆ ಮಾತ್ರ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಹುಡುಕಾಟ ಮುಗಿದ ಮೇಲೆ ಅಲ್ಲೇ ಬಿಟ್ಟುಹೋಗಬೇಡಿ. ಕ್ಲ್ಯಾಂಗ್‌ನ ಬುಡದಲ್ಲಿರುವ ಎಲ್‌ಎಲ್‌ವಿಎಂನ ಆಪ್ಟ್-ಬೈಸೆಕ್ಟ್-ಲಿಮಿಟ್ ಇನ್ನೂ ಒಳಕ್ಕೆ ಹೋಗಿ, ಎಷ್ಟನೇ ಪಾಸ್ (ಆಪ್ಟಿಮೈಸೇಶನ್ ಹಂತ) ಓಡಿದ ಮೇಲೆ ಕೆಟ್ಟಿತು ಎಂದು ತೋರಿಸುತ್ತದೆ.

ಎಲ್ಲವನ್ನೂ ಓ0ಗೆ ಇಳಿಸಿ ಹೋಲಿಸಲು ಎಲ್ಲ ಕಡೆ ಆಗುವುದೂ ಇಲ್ಲ. ಜಿಲಿಬ್‌ಸಿ ಆಪ್ಟಿಮೈಸೇಶನ್ ಇಲ್ಲದೆ ಬಿಲ್ಡ್ ಆಗಲು ಒಪ್ಪುವುದೇ ಇಲ್ಲ, ಬಫರ್ ಉಕ್ಕುವುದನ್ನು ಹಿಡಿಯುವ ಫಾರ್ಟಿಫೈ-ಸೋರ್ಸ್ ಕಾವಲು ಕೂಡ ಓ0ಯಲ್ಲಿ ಕೆಲಸ ಮಾಡುವುದಿಲ್ಲ.

ತುರ್ತಿಗೆ ಏನು ಮಾಡುವುದು

ನಾಳೆಯೇ ಬಿಡುಗಡೆ ಇದೆ, ಮೂಲ ಸರಿಪಡಿಸಲು ಸಮಯವಿಲ್ಲ ಎಂದಾದರೆ ಇಡೀ ಪ್ರಾಜೆಕ್ಟನ್ನು ಓ0ಗೆ ಇಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕೆಟ್ಟ ಫೈಲ್‌ಗೆ ಮಾತ್ರ, ಗೊತ್ತಾದ ಆ ಒಂದು ಫ್ಲಾಗ್ ಮಾತ್ರ ಕೊಡಿ, ಕಾರಣವನ್ನು ಪಕ್ಕದಲ್ಲೇ ಬರೆಯಿರಿ. ಕಾಯಂ ನೀತಿಯಾಗಿಯೂ ಇದನ್ನು ಆರಿಸಿಕೊಳ್ಳಬಹುದು: ಲಿನಕ್ಸ್ ಕರ್ನಲ್ ಹಲವು ವರ್ಷಗಳಿಂದ ನೋ-ಸ್ಟ್ರಿಕ್ಟ್-ಏಲಿಯಾಸಿಂಗ್ ಇಟ್ಟುಕೊಂಡೇ ಓ2ರಲ್ಲಿ ಬಿಲ್ಡ್ ಆಗುತ್ತಿದೆ. ಜೆಂಟೂ ಲಿನಕ್ಸ್ ಬಳಸುವವರು ಇಡೀ ವ್ಯವಸ್ಥೆಗೆ ಓ2 ಇಟ್ಟು, ಬೇಕಾದ ಪ್ಯಾಕೇಜ್‌ಗೆ ಮಾತ್ರ ಪ್ಯಾಕೇಜ್-ಎನ್ವ್ ಮೂಲಕ ಬೇರೆ ಫ್ಲಾಗ್ ಕೊಡಬಹುದು. ಓ3 ಎಲ್ಲ ಕಡೆ ವೇಗ ತರುತ್ತದೆ ಎಂಬುದೂ ಖಾತ್ರಿಯಲ್ಲ. ಕೋಡ್ ಉಬ್ಬಿ ಇನ್‌ಸ್ಟ್ರಕ್ಷನ್ ಕ್ಯಾಶ್‌ನಲ್ಲಿ ಹಿಡಿಸದೆ ನಿಧಾನವಾಗುವುದೂ ಉಂಟು. ಅಳೆದು ನೋಡದೆ ಹಾಕಿದ್ದ ಓ3ನ್ನು ತೆಗೆಯಲು ಅಳುಕಬೇಕಾಗಿಲ್ಲ.

ಇಷ್ಟೆಲ್ಲ ದಾಟಿಯೂ ಉಳಿದರೆ ಆಗ ಕಂಪೈಲರ್ ಬಗ್ ಎನ್ನಿ. ಅದೇ ಫೈಲನ್ನು ಇನ್ನೊಂದು ಕಂಪೈಲರ್‌ನಲ್ಲೂ, ಅದೇ ಕಂಪೈಲರ್‌ನ ಇನ್ನೊಂದು ಆವೃತ್ತಿಯಲ್ಲೂ ಓಡಿಸಿ ನೋಡಿ. ಪ್ರೀಪ್ರೊಸೆಸ್ ಆದ ಫೈಲ್ ಉಳಿಸಿಕೊಂಡು, ಕೋಡ್ ಕತ್ತರಿಸಿ ಚಿಕ್ಕದಾಗಿಸುವ ಸಾಧನಗಳಾದ ಸಿ-ವೈಸ್ ಅಥವಾ ಸಿ-ರೆಡ್ಯೂಸ್ ಕೈಗೆ ಕೊಟ್ಟರೆ ಸಾವಿರಾರು ಸಾಲು ಕೆಲವೇ ಸಾಲಿಗೆ ಇಳಿಯುತ್ತದೆ. ಕತ್ತರಿಸುವ ಪ್ರತಿ ಹಂತದ ಪರೀಕ್ಷೆಯಲ್ಲೂ ಸ್ಯಾನಿಟೈಜರ್ ಇರಲಿ, ಇಲ್ಲದಿದ್ದರೆ ಸಾಧನವೇ ಹೊಸ ತಪ್ಪೊಂದನ್ನು ಕೋಡ್‌ಗೆ ತುರುಕಿಬಿಡುತ್ತದೆ. ಜಿಸಿಸಿಯ ದೂರು ಪುಟವೂ ಇದನ್ನೇ ಮೊದಲು ಕೇಳುತ್ತದೆ: ಎಚ್ಚರಿಕೆಗಳನ್ನು ಓದಿದಿರಾ, ನೋ-ಸ್ಟ್ರಿಕ್ಟ್-ಏಲಿಯಾಸಿಂಗ್ ಮತ್ತು ರ‍್ಯಾಪ್‌ವಿ ಕೊಟ್ಟರೆ ಫಲಿತಾಂಶ ಬದಲಾಗುತ್ತದೆಯೇ, ಅನ್‌ಡಿಫೈನ್ಡ್ ಸ್ಯಾನಿಟೈಜರ್ ಏನಾದರೂ ಹೇಳಿತೇ. ಈ ಉತ್ತರಗಳು, ಕಂಪೈಲರ್‌ನ ಪೂರ್ತಿ ಆವೃತ್ತಿ, ಕೊಟ್ಟ ಆಜ್ಞೆಯ ಸಾಲು, ಆ ಪುಟ್ಟ ಫೈಲ್: ಇಷ್ಟನ್ನೂ ಸೇರಿಸಿ ಕಳಿಸಿ.